ಅಜ್ಜಿಯ ಬೊಂತೆ, ಮೊಮ್ಮಗನ ದಬ್ಬಣ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರವನು, ವಯಸ್ಸು 24. ಬೆಂಗಳೂರಿನಲ್ಲಿ ದೃಶ್ಯಕಲೆಯ ಪದವಿ ಮುಗಿಸಿ ಊರಿಗೆ ಮರಳಿದ್ದೇನೆ. ಎರಡು ವರ್ಷಗಳಿಂದ ಬಣ್ಣ, ಕ್ಯಾನ್ವಾಸ್ ಬಿಟ್ಟು, ನಮ್ಮ ಅಜ್ಜಿ ಹೊಲಿಯುವ ಬೊಂತೆಯ (ಕೌದಿಯ) ರೀತಿಯಲ್ಲೇ ಹಳೆಯ ಬಟ್ಟೆಗಳನ್ನು ಹೊಲಿದು ಕೃತಿಗಳನ್ನು ಮಾಡುತ್ತಿದ್ದೇನೆ. ನಾಲ್ಕು ಮುಗಿದಿವೆ, ಚಿತ್ರಗಳನ್ನು ಕಳುಹಿಸಿದ್ದೇನೆ. ರೇಷ್ಮೆ ಬೆಳೆಯುವ ಅಪ್ಪ “ಗಂಡಸಾಗಿ ಹೆಂಗಸರ ಕೆಲಸಕ್ಕೆ ಕುಳಿತೆಯಲ್ಲ” ಎಂದು ಬೇಸರಪಡುತ್ತಾರೆ. ನನಗೆ ಪಾಠ ಹೇಳಿದ ಒಬ್ಬರು “ಇದು ಕರಕುಶಲ, ಕಲೆ ಎನ್ನಲಾಗದು” ಎಂದರು. ಜೊತೆಯಲ್ಲಿ ಓದಿದ ಗೆಳತಿ “ಹೆಂಗಸರು ತಲೆತಲಾಂತರದಿಂದ ಮಾಡಿದ್ದನ್ನು ಗ್ಯಾಲರಿಗೆ ಒಯ್ದು ನೀನು ಹೆಸರು ಮಾಡಲು ಹೊರಟಿದ್ದೀಯ” ಎಂದಳು. ಮೂವರಲ್ಲಿ ಯಾರ ಮಾತು ಸರಿ? ಬೇರೆ ಕಡೆ ಗಂಡಸರು ಹೀಗೆ ಮಾಡಿದ್ದಾರೆಯೇ?

ಉತ್ತರ: ನಿಮ್ಮ ನಾಲ್ಕೂ ಚಿತ್ರಗಳನ್ನು ಮುದ್ರಿಸಿ, ತುಮಕೂರಿನ ನನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡು ವಾರವಿಡೀ ನೋಡಿದೆ. ಅಪ್ಪನ ಮಾತಿಗೂ ಗುರುಗಳ ಮಾತಿಗೂ ಉತ್ತರ ಕೊಡಬಹುದು. ಗೆಳತಿಯ ಮಾತು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ನಾನು ಹುಟ್ಟಿದ್ದು ಚಿಕ್ಕನಾಯಕನಹಳ್ಳಿಯ ಕಡೆಯ ಕಂಬಳಿ ನೇಯುವ ಮನೆಯಲ್ಲಿ. ಅವ್ವ ರಾಟೆಯ ಮುಂದೆ ಕುಳಿತು ಉಣ್ಣೆ ನೂಲುತ್ತಿದ್ದಳು, ಅಪ್ಪ ಗುಂಡಿ ಮಗ್ಗಕ್ಕೆ ಕಾಲಿಳಿಬಿಟ್ಟು ನೇಯುತ್ತಿದ್ದರು. ನೂಲುವುದು ಹೆಣ್ಣಿನದು, ನೇಯುವುದು ಗಂಡಿನದು ಎಂಬ ಲೆಕ್ಕ ನಮಗೆ ಹುಟ್ಟಿನಿಂದಲೇ ಗೊತ್ತಿತ್ತು. ಅದು ಭೂಮಿಗೆಲ್ಲ ಒಂದೇ ನಿಯಮ ಎಂದುಕೊಂಡಿದ್ದೆ. ಊರು ಬಿಟ್ಟು ಹೊರಗೆ ಹೋದ ಮೇಲೆ ಲೆಕ್ಕ ತಲೆಕೆಳಗಾಯಿತು. ಕಾಶ್ಮೀರದ ಶಾಲುಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಸೂಜಿ ಕಸೂತಿ ಹಾಕುವವರು ಬಹುತೇಕ ಗಂಡಸರು. ಬೆಂಗಳೂರಿನ ಗಲ್ಲಿಗಳಲ್ಲಿ ಮದುವೆಯ ರವಿಕೆಗಳಿಗೆ ಜರ್ದೋಸಿ ಕೆಲಸ ಮಾಡುತ್ತ ಮರದ ಚೌಕಟ್ಟಿನ ಮೇಲೆ ಬಗ್ಗಿ ಕುಳಿತವರೂ ಹೆಚ್ಚಾಗಿ ಗಂಡಸರೇ. ನಮ್ಮ ಕನ್ನಡದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾರೆ. ಅವರ ಬದಿಯಲ್ಲೇ ನೂಲುವ ಕಾಯಕದ ಕದಿರೆ ರೆಮ್ಮವ್ವೆ ಇದ್ದಾಳೆ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ ಇದ್ದಾರೆ. ಸೂಜಿ ಹಿಡಿದದ್ದಕ್ಕೆ ರಾಮಿತಂದೆಯ ಗಂಡಸುತನಕ್ಕೆ ಕುಂದು ಬಂತೆಂದು ಯಾರೂ ಬರೆದಿಲ್ಲ.

ಇದನ್ನೆಲ್ಲ ಅಪ್ಪನ ಮುಂದೆ ವಾದಕ್ಕೆ ಇಡಬೇಡಿ. ಅವರು ರೇಷ್ಮೆ ಬೆಳೆಯುವವರು ಎಂದು ಬರೆದಿದ್ದೀರಿ. ಹುಳ ನಾಲ್ಕನೆಯ ಜ್ವರ (ಪೊರೆ ಬಿಡುವ ನಿದ್ರೆ) ಎದ್ದ ಮೇಲಿನ ಆ ಒಂದು ವಾರ ನಿಮ್ಮ ಮನೆಯಲ್ಲಿ ನಡುರಾತ್ರಿ ಸೊಪ್ಪು ಹಾಕಲು ಏಳುವವರು ಗಂಡಸೋ ಹೆಂಗಸೋ ಎಂದು ಯಾರಾದರೂ ಎಣಿಸುತ್ತಾರೆಯೇ? ಅಪ್ಪನಿಗೆ ಅದು ಗೊತ್ತಿದೆ. ಅವರನ್ನು ಕಾಡುತ್ತಿರುವುದು ದಬ್ಬಣ ಇರಲಾರದು, ಓದಿದ ಮಗ ಎರಡು ವರ್ಷದಿಂದ ನಾಲ್ಕು ಬೊಂತೆ ಹೊಲಿದು ಕುಳಿತಿದ್ದಾನೆ ಎಂಬ ಚಿಂತೆ ಇರಬಹುದು. ಅದು ನ್ಯಾಯವಾದ ಚಿಂತೆ. ಮಾರಾಟದ ವಿಷಯವನ್ನು ಕೆಳಗೆ ಬರೆದಿದ್ದೇನೆ, ಅದನ್ನು ಅವರ ಜೊತೆ ಕುಳಿತು ಓದಿ.

ಇನ್ನು ಗುರುಗಳ ಮಾತು. ಕಲೆ ಬೇರೆ, ಕರಕುಶಲ ಬೇರೆ ಎಂಬ ಗೋಡೆ ನಮ್ಮ ನೆಲದಲ್ಲಿ ಬಹಳ ಹಳೆಯದಲ್ಲ. ನಮ್ಮಲ್ಲಿ ‘ಶಿಲ್ಪ’ ಎಂಬ ಮಾತು ಕೈಕೆಲಸವನ್ನೂ ಹೇಳುತ್ತಿತ್ತು, ವಿಗ್ರಹವನ್ನೂ ಹೇಳುತ್ತಿತ್ತು. ಕೋಲಾರ ಜಿಲ್ಲೆಯ ಶಿವಾರಪಟ್ಟಣಕ್ಕೆ ಒಂದು ದಿನ ಹೋಗಿ ಬನ್ನಿ, ನಿಮ್ಮೂರಿನಿಂದ ದೂರವೇನಲ್ಲ. ಬೀದಿಗೆ ಕಾಲಿಡುವಾಗಲೇ ಉಳಿಯ ಸದ್ದು ಕೇಳುತ್ತದೆ. ಅಲ್ಲಿ ಕಲ್ಲು ಕಡೆಯುವವರನ್ನು, ಲೋಹ ಎರಕ ಹೊಯ್ಯುವವರನ್ನು “ನೀವು ಕಲಾವಿದರೋ ಕುಶಲಕರ್ಮಿಗಳೋ” ಎಂದು ಕೇಳಿದರೆ ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಾಣುತ್ತದೆ.

ಹೊಸ ಕಲೆಯ ದೊಡ್ಡವರೂ ಈ ಗೋಡೆಯನ್ನು ಒಪ್ಪಲಿಲ್ಲ. ಚಿತ್ರಕಾರ ಕೆ. ಜಿ. ಸುಬ್ರಮಣ್ಯನ್ 1959ರಿಂದ 1961ರವರೆಗೆ ಅಖಿಲ ಭಾರತ ಕೈಮಗ್ಗ ಮಂಡಳಿಯಲ್ಲಿ ನೇಕಾರರ ಜೊತೆ ಕೆಲಸ ಮಾಡಿದರು. 1963ರಲ್ಲಿ ಲಖನೌದ ರವೀಂದ್ರಾಲಯದ ಗೋಡೆಗೆ ಸುಟ್ಟ ಮಣ್ಣಿನಲ್ಲಿ ಭಿತ್ತಿಶಿಲ್ಪ ಮಾಡಿದರು. ಬರೋಡಾದ ಕಲಾ ಮೇಳಗಳಿಗೆ ಆಟಿಕೆಗಳನ್ನು ಮಾಡಿದರು. 1966ರಲ್ಲಿ ಮದರಾಸಿನ ಬಳಿ ಕೆ. ಸಿ. ಎಸ್. ಪಣಿಕ್ಕರ್ ಮುಂದಾಳತ್ವದಲ್ಲಿ ಹುಟ್ಟಿದ ಚೋಳಮಂಡಲ ಕಲಾವಿದರ ಗ್ರಾಮದ ಕಥೆ ನಿಮ್ಮ ಅಪ್ಪನಿಗೂ ಹಿಡಿಸಬಹುದು. ಅಲ್ಲಿನ ಚಿತ್ರಕಾರರು ಬಾಟಿಕ್, ಚರ್ಮ, ಲೋಹದ ಕೈಕೆಲಸಗಳನ್ನು ಮಾಡಿ ಮಾರಿ ಹೊಟ್ಟೆ ಹೊರೆದುಕೊಂಡರು, ಊರು ಕಟ್ಟಿಕೊಂಡರು, ಉಳಿದ ಸಮಯದಲ್ಲಿ ಯಾರ ಹಂಗಿಲ್ಲದೆ ಚಿತ್ರ ಬರೆದರು. ಅಲ್ಲಿದ್ದ ಮೈಸೂರಿನವರಾದ ಎಸ್. ಜಿ. ವಾಸುದೇವ್ ತಾಮ್ರದ ತಗಡಿನಲ್ಲಿ ಉಬ್ಬುಚಿತ್ರ ಮಾಡಿದರು, ಮುಂದೆ ನುರಿತ ನೇಕಾರರ ಜೊತೆಗೂಡಿ ತಮ್ಮ ಚಿತ್ರಗಳನ್ನು ರೇಷ್ಮೆಯ ನೇಯ್ಗೆಗೆ ತಂದರು.

ಇಷ್ಟು ಹೇಳಿದ ಮೇಲೂ ನಿಮ್ಮ ಗುರುಗಳ ಮಾತಿನಲ್ಲಿ ಒಂದು ಹಿಡಿ ಸತ್ಯ ಉಳಿಯುತ್ತದೆ, ಅದನ್ನು ಮರೆಮಾಚಲಾರೆ. ನಿಮ್ಮ ಮೊದಲ ಮೂರು ಬೊಂತೆಗಳು ಚೆನ್ನಾಗಿವೆ. ಬಣ್ಣ ಬಣ್ಣಕ್ಕೆ ಹೊಂದಿದೆ, ತುಂಡುಗಳ ಜೋಡಣೆಯಲ್ಲಿ ಓದಿದವನ ಕಣ್ಣಿದೆ. ಆದರೆ ನಿಮ್ಮ ಅಜ್ಜಿ ಹೊದೆಯಲೆಂದು ಹೊಲಿದ ಬೊಂತೆಯನ್ನು ಅವುಗಳ ಪಕ್ಕದಲ್ಲಿ ತೂಗುಹಾಕಿದರೆ ಅಜ್ಜಿಯದೇ ಮೇಲಾಗಿ ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ. ಅವರು ಚಳಿಗೆ, ಮಗುವಿಗೆ, ಬಾಣಂತಿಗೆ ಎಂದು ಹೊಲಿದಿದ್ದಾರೆ. ನೀವು ಗೋಡೆಗೆ ಎಂದು ಹೊಲಿದಿದ್ದೀರಿ, ಗೋಡೆಗೆ ಹೇಳಬೇಕಾದ್ದು ಏನೆಂದು ಇನ್ನೂ ಗೊತ್ತಾಗಿರಲಿಲ್ಲ.

ನಾಲ್ಕನೆಯದು ಬೇರೆ. ಅದರ ಮುಂದೆ ನಾನು ನಿಂತುಬಿಟ್ಟೆ. ಗೂಡು ತುಂಬಿ ಮಾರುಕಟ್ಟೆಗೆ ಒಯ್ಯುತ್ತಿದ್ದ ಹಳೆಯ ಬಟ್ಟೆಗಳನ್ನು ಬಿಚ್ಚಿ ಪದರ ಮಾಡಿದ್ದೀರಿ, ಹುಳದ ಕಲೆಗಳನ್ನು ತೊಳೆಯದೆ ಬಿಟ್ಟಿದ್ದೀರಿ. ಅಪ್ಪ ಒಂದು ವರ್ಷ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಗೂಡಿನ ಧಾರಣೆಯನ್ನು ಹೊಲಿಗೆಯ ಉದ್ದಕ್ಕೆ ಇಳಿಸಿದ್ದೀರಿ. ಧಾರಣೆ ಏರಿದ ದಿನ ಹೊಲಿಗೆ ಉದ್ದ, ಇಳಿದ ದಿನ ಗಿಡ್ಡ. ಧಾರಣೆ ಬಿದ್ದ ತಿಂಗಳುಗಳಲ್ಲಿ ಗಿಡ್ಡ ಹೊಲಿಗೆಗಳು ಒತ್ತಾಗಿ ಬಿದ್ದು ಬಟ್ಟೆ ತಾನಾಗಿಯೇ ಸುಕ್ಕುಗಟ್ಟಿ ಗಂಟುಮುಖ ಮಾಡಿಕೊಂಡಿದೆ. ಆ ಸುಕ್ಕನ್ನು ನೀವು ಬರೆದಿಲ್ಲ, ಬಟ್ಟೆಯೇ ಮಾಡಿಕೊಂಡಿದೆ. ಬಣ್ಣದಲ್ಲಿ ಬರೆದಿದ್ದರೆ ಅದೊಂದು ನಕ್ಷೆಯಾಗುತ್ತಿತ್ತು, ಬೊಂತೆಯಲ್ಲಿ ಅದು ಒಂದು ಮನೆಯ ವರ್ಷವಾಗಿದೆ. ಈ ಮಾತನ್ನು ದಬ್ಬಣವೇ ಹೇಳಬೇಕಿತ್ತು, ಬೇರೆ ಯಾವುದಕ್ಕೂ ಹೇಳಲು ಸಾಧ್ಯವಿರಲಿಲ್ಲ. ಗುರುಗಳಿಗೆ ಈ ನಾಲ್ಕನೆಯದನ್ನು ತೋರಿಸಿದ್ದೀರಾ? ತೋರಿಸಿರದಿದ್ದರೆ ಒಯ್ದು ತೋರಿಸಿ.

ಬೇರೆ ಕಡೆಯ ಗಂಡಸರ ವಿಷಯ ಕೇಳಿದ್ದೀರಿ. ನನ್ನ ಮನಸ್ಸಿಗೆ ಹತ್ತಿರದವರು ಎಲ್ ಅನಾಟ್ಸುಯಿ. 1944ರಲ್ಲಿ ಘಾನಾದಲ್ಲಿ ಹುಟ್ಟಿ ನೈಜೀರಿಯಾದ ಎನ್‌ಸುಕ್ಕಾದಲ್ಲಿ ಪಾಠ ಹೇಳುತ್ತಿದ್ದವರು. ಮದ್ಯದ ಬಾಟಲಿಗಳ ತಗಡಿನ ಮುಚ್ಚಳಗಳನ್ನು ಚಪ್ಪಟೆ ಮಾಡಿ, ಮಡಚಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆದು ಗೋಡೆಯಗಲದ ಹೊದಿಕೆಗಳನ್ನು ಮಾಡಿದರು. ದೂರದಿಂದ ನೋಡಿದರೆ ಚಿನ್ನದ ಜರಿಯ ಸೀರೆಯನ್ನು ಹರವಿದಂತೆ ಕಾಣುತ್ತದೆ. ಅವರ ತಂದೆಯೂ ಅಣ್ಣಂದಿರೂ ಕೆಂಟೆ ಎಂಬ ಘಾನಾದ ಬಟ್ಟೆ ನೇಯುತ್ತಿದ್ದವರು, ಅಲ್ಲಿ ಅದು ಗಂಡಸರ ಕಸುಬು. 2015ರಲ್ಲಿ ವೆನಿಸ್‌ನ ಬಿಯೆನಾಲೆ ಎಂಬ ಹೆಸರಾಂತ ಕಲಾಪ್ರದರ್ಶನ ಅವರಿಗೆ ಜೀವಮಾನದ ಸಾಧನೆಗಾಗಿ ಚಿನ್ನದ ಸಿಂಹ ಕೊಟ್ಟಿತು. ಇಂಗ್ಲೆಂಡಿನ ಗ್ರೇಸನ್ ಪೆರಿ ಮಣ್ಣಿನ ಹೂಜಿಗಳನ್ನು ಮಾಡಿ 2003ರಲ್ಲಿ ಅಲ್ಲಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಪಡೆದರು. ಅಜರ್ಬೈಜಾನಿನ ಫಾಯಿಗ್ ಅಹ್ಮದ್ ಕೈಯಿಂದ ನೇಯಿಸಿದ ರತ್ನಗಂಬಳಿಗಳಲ್ಲಿ ವಿನ್ಯಾಸ ಕರಗಿ ಸೋರಿದಂತೆ ಮಾಡುತ್ತಾರೆ.

ನಮ್ಮ ದೇಶದಲ್ಲಿ ನಿಮಗೆ ತೀರ ಹತ್ತಿರದ ಉದಾಹರಣೆ ಜಿವ್ಯಾ ಸೋಮಾ ಮಶೆ. ಮಹಾರಾಷ್ಟ್ರದ ವಾರ್ಲಿ ಸಮುದಾಯದಲ್ಲಿ ಮದುವೆಯ ಹೊತ್ತಿಗೆ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಚಿತ್ರ ಬರೆಯುವವರು ಮುತ್ತೈದೆಯರು, ನಮ್ಮ ಮಲೆನಾಡಿನ ಹಸೆ ಚಿತ್ತಾರದ ಹಾಗೆ. ಮಶೆ ಅದನ್ನು ಗಂಡಸಾಗಿ ಕೈಗೆತ್ತಿಕೊಂಡರು, ಮದುವೆಯ ಗೋಡೆಯಿಂದ ದಿನದ ಬದುಕಿಗೆ ತಂದರು, ಕಾಗದಕ್ಕೂ ಬಟ್ಟೆಗೂ ತಂದರು. 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಅವರು ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಅವರಿಗಿಂತ ಹಿಂದೆ ಆ ಗೋಡೆಗಳ ಮೇಲೆ ಬರೆದ ಎಷ್ಟು ಹೆಂಗಸರ ಹೆಸರು ನಿಮಗೆ ಗೊತ್ತು?

ಕೈಕೆಲಸವನ್ನು ಕಲಿಯುವ ರೀತಿಗೆ ಬೆಂಗಳೂರಿನ ರವಿಕುಮಾರ್ ಕಾಶಿ ಅವರನ್ನು ನೋಡಿ. ಕಾಗದವನ್ನೇ ಕೃತಿಯಾಗಿಸಬೇಕೆಂದು ಕೈಕಾಗದ ತಯಾರಿಯನ್ನು ಗ್ಲಾಸ್ಗೋದಲ್ಲಿ ಕಲಿತು, ಮತ್ತೆ ಕೊರಿಯಾಕ್ಕೆ ಹೋಗಿ ಅಲ್ಲಿನ ಹಾಂಜಿ ಕಾಗದವನ್ನು ಕಲಿತು ಬಂದವರು. ಹಾಂಜಿ ಮಾಡುವುದು ಒಂದು ಮರದ ತೊಗಟೆಯಿಂದ. ಆ ಮರ ನಿಮ್ಮ ತೋಟದ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ್ದು. ಹುಳಕ್ಕೆ ಸೊಪ್ಪು ಹಾಕಿದ ಮೇಲೆ ಉಳಿಯುವ ಕಡ್ಡಿಗಳ ತೊಗಟೆಯನ್ನು ಒಮ್ಮೆ ಸುಲಿದು ನೋಡಿ, ಎಂಥ ನಾರು! ಹೀಗೆಯೇ ಮನೆಯ ಹಿತ್ತಲಿಗೆ ಎಸೆದಿರುವ ಬಿದಿರಿನ ಚಂದ್ರಿಕೆಗಳು. ಆರಡಿ ಉದ್ದ ನಾಲ್ಕಡಿ ಅಗಲದ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ, ಹಣ್ಣಾದ ಹುಳ ಗೂಡು ಕಟ್ಟಲೆಂದೇ ಮಾಡಿದ ಆ ವಸ್ತುವಿಗಿಂತ ಚೆಲುವಾದ ರೇಖಾಚಿತ್ರವನ್ನು ನಾನು ಕಂಡಿಲ್ಲ. ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ, ತೊಳೆಯಲು ಸುಲಭ, ರೈತರನ್ನು ದೂರುವಂತಿಲ್ಲ. ಚಂದ್ರಿಕೆ ಹೆಣೆಯುವ ಮೇದರ ಕೈಗಳು ಮಾತ್ರ ಕೆಲಸ ಕಳೆದುಕೊಳ್ಳುತ್ತಿವೆ. ನಿಮ್ಮ ಐದನೆಯ ಕೃತಿ ಬೊಂತೆಯೇ ಆಗಬೇಕೆಂದಿಲ್ಲ.

ಈಗ ನಿಮ್ಮ ಗೆಳತಿಯ ಮಾತು. ಅವರು ಹೇಳಿದ್ದು ಬಹುಮಟ್ಟಿಗೆ ಸರಿ. ಅದನ್ನು ಒಪ್ಪಿಕೊಂಡ ಮೇಲೂ ನೀವು ಹೊಲಿಯುವುದನ್ನು ಬಿಡಬೇಕಾಗಿಲ್ಲ.

ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಕಲ್ಲಿನ ಗಂಡಸರಿಗೆ ಒಂಬೈನೂರು ವರ್ಷಗಳ ಹಿಂದೆಯೇ ಹೆಸರಿತ್ತು. ಬಟ್ಟೆಯ ಹೆಂಗಸರಿಗೆ ಇರಲಿಲ್ಲ. ಬಟ್ಟೆ ಸವೆಯುತ್ತದೆ, ಅದರ ಮೇಲೆ ಯಾರೂ ಶಾಸನ ಬರೆಯುವುದಿಲ್ಲ. ನಮ್ಮ ಕಾಲಕ್ಕೆ ಬಂದರೂ ಅದೇ. ಇಟಲಿಯ ಅಲಿಗಿಯೆರೊ ಬೊಯೆಟ್ಟಿ 1971ರಿಂದ ಪ್ರಪಂಚದ ನಕ್ಷೆಗಳನ್ನು ಕಸೂತಿಯಲ್ಲಿ ಮಾಡಿಸಿದರು. ಹೊಲಿದವರು ಕಾಬೂಲಿನ ಹೆಂಗಸರು, ಯುದ್ಧ ಬಂದ ಮೇಲೆ ಪೇಶಾವರದಲ್ಲಿ ನಿರಾಶ್ರಿತರಾಗಿದ್ದ ಆಫ್ಘನ್ನರು. ಬೊಯೆಟ್ಟಿ ತಾವು ಸೂಜಿ ಹಿಡಿಯಲಿಲ್ಲ. ಒಂದು ನಕ್ಷೆಯಲ್ಲಿ ಸಮುದ್ರ ಗುಲಾಬಿ ಬಣ್ಣಕ್ಕೆ ತಿರುಗಿದೆ, ಅಲ್ಲಿ ಆ ದಾರ ಹೆಚ್ಚಿಗೆ ಇತ್ತು ಎಂಬ ಕಾರಣಕ್ಕೆ. ಆ ಗುಲಾಬಿ ಸಮುದ್ರ ಯಾರ ಕಲ್ಪನೆ? ಗೋಡೆಯ ಮೇಲಿರುವುದು ಒಬ್ಬರದೇ ಹೆಸರು. ಇನ್ನೊಂದು ಕಡೆ ಮೃಣಾಲಿನಿ ಮುಖರ್ಜಿ ಇದ್ದರು, ಸುಬ್ರಮಣ್ಯನ್ ಅವರ ಶಿಷ್ಯೆ. ಹಗ್ಗವನ್ನು ಗಂಟು ಹಾಕಿ ಹಾಕಿ ಆಳೆತ್ತರದ ದೇವತೆಗಳಂಥ ಶಿಲ್ಪಗಳನ್ನು ತಮ್ಮ ಕೈಯಾರೆ ಎಬ್ಬಿಸಿದರು. ಅವನ್ನು ಕರಕುಶಲದ ಮೂಲೆಗೆ ತಳ್ಳುವವರು ಬಹಳ ಕಾಲ ಇದ್ದೇ ಇದ್ದರು. ಮೃಣಾಲಿನಿ 2015ರಲ್ಲಿ ತೀರಿಕೊಂಡರು, ನ್ಯೂಯಾರ್ಕಿನಲ್ಲಿ ಅವರ ಸಮಗ್ರ ಪ್ರದರ್ಶನ ನಡೆದದ್ದು 2019ರಲ್ಲಿ. ಹೆಣ್ಣು ದಾರ ಹಿಡಿದರೆ ಅಭ್ಯಾಸ, ಗಂಡು ಹಿಡಿದರೆ ಧೈರ್ಯ ಎಂದು ನೋಡುವ ಕಣ್ಣು ಇನ್ನೂ ಹೋಗಿಲ್ಲ. ನಿಮ್ಮನ್ನೂ ಆ ಕಣ್ಣು ಹೊಗಳುತ್ತದೆ. ಆ ಹೊಗಳಿಕೆಯ ಒಂದು ಪಾಲು ನಿಮ್ಮದಲ್ಲ ಎಂಬುದನ್ನು ಮಾತ್ರ ಗೊತ್ತಿಟ್ಟುಕೊಳ್ಳಿ.

ಇದನ್ನು ನಾನು ಬೇರೆಯವರ ಕಡೆ ಬೆರಳು ತೋರಿಸಿ ಹೇಳುತ್ತಿಲ್ಲ. ಮೂವತ್ತು ವರ್ಷಗಳ ಹಿಂದೆ ನನ್ನ ಮೊದಲ ಕಂಬಳಿ ಕೃತಿಯನ್ನು ಒಂದು ಪ್ರದರ್ಶನದಲ್ಲಿ ತೂಗುಹಾಕಿದೆ. ಕಪ್ಪು ಉಣ್ಣೆಯ ಹಾಸು, ನಡುವೆ ಹೊಕ್ಕು (ಅಡ್ಡ ಎಳೆ) ಹಾಕದೆ ಬಿಟ್ಟ ಬರಿಯ ಎಳೆಗಳು, ಮೇಲೆ ಹುಣಸೆ ಬೀಜದ ಸರಿ (ಗಂಜಿ) ಗಟ್ಟಿಯಾಗಿ ಬಳಿದದ್ದು. ನೇಯ್ದವನು ನಾನು, ನೂಲು ಅವ್ವನದು. ನೋಡಲು ಅವ್ವನೂ ಬಂದಿದ್ದಳು, ಅವಳಿಗೆ ಓದಲು ಬರುತ್ತಿರಲಿಲ್ಲ. ಪಕ್ಕದ ಚೀಟಿಯನ್ನು ತೋರಿಸಿ ತಂಗಿಯನ್ನು ಕೇಳಿದಳು, “ಏನು ಬರೆದಿದ್ದಾನೆ?” ತಂಗಿ ಓದಿದಳು: ನನ್ನ ಹೆಸರು, ಇಸವಿ, ಅಳತೆ, ಉಣ್ಣೆ, ಹುಣಸೆ ಸರಿ. ಅವ್ವ “ನೂಲಿದ್ದು ಬರೆದಿಲ್ಲವಾ?” ಎಂದಳು. ಅಷ್ಟೇ. ಸಿಟ್ಟಿನಿಂದ ಕೇಳಿದ್ದಲ್ಲ, ಮರೆತಿದ್ದಾನೇನೋ ಎಂಬಂತೆ ಕೇಳಿದ್ದು. ಆ ಚೀಟಿಯನ್ನು ನಾನು ತಿದ್ದಿದ್ದು ಅವ್ವ ಹೋದ ಮೇಲೆ. ನಮ್ಮ ಕಂಬಳಿ ಕೊಳ್ಳಲು ಬಂದವರೆಲ್ಲ ಜೀವಮಾನವಿಡೀ “ನೇಯ್ದವರು ಯಾರು” ಎಂದು ಕೇಳುತ್ತಿದ್ದರು, “ನೂಲಿದವರು ಯಾರು” ಎಂದು ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೊಳ್ಳುವವರ ಹಾಗೆಯೇ ಆಗಿದ್ದೆ.

ಈಗ ನಿಮ್ಮ ನಾಲ್ಕನೆಯ ಬೊಂತೆಯ ಎಡಗಡೆಯ ಕೆಳಮೂಲೆಗೆ ಬರುತ್ತೇನೆ. ಭೂತಗನ್ನಡಿ ಹಿಡಿದು ನೋಡಿದೆ. ಮಧ್ಯದ ಹೊಲಿಗೆ ನಿಮ್ಮದು. ಧಾರಣೆಯ ಲೆಕ್ಕ ಬಿಟ್ಟರೂ ಸಾಲು ಅಲ್ಲಲ್ಲಿ ಏರಿಳಿಯುತ್ತದೆ, ಗಂಟುಗಳು ಮೇಲೆಯೇ ಕಾಣುತ್ತವೆ. ಆ ಮೂಲೆಯಲ್ಲಿ ಮಾತ್ರ ಬಟ್ಟೆಯ ಅಂಚು ಒಳಕ್ಕೆ ಮಡಚಿಕೊಂಡು ಸಾಲು ಎಲ್ಲಿಯೂ ಮುರಿಯದೆ ತಿರುಗಿದೆ, ಗಂಟು ಪದರಗಳ ನಡುವೆ ಅಡಗಿದೆ, ಹೊಲಿಗೆಗಳ ನಡುವಿನ ಅಂತರ ಅಳೆದಿಟ್ಟಂತಿದೆ. ಐವತ್ತು ವರ್ಷ ಹೊಲಿದ ಕೈ ಮಾತ್ರ ಹಾಗೆ ತಿರುಗುತ್ತದೆ. ಅಲ್ಲಿ ನಿಮಗೆ ಬಟ್ಟೆ ತಿರುಗಿಸಲು ಬರಲಿಲ್ಲ, ಅಜ್ಜಿಯ ಕೈಗೆ ಕೊಟ್ಟಿರಿ, ಅಲ್ಲವೇ? ನಿಮ್ಮ ಪತ್ರದಲ್ಲಿ ನಿಮ್ಮನ್ನು ಪ್ರಭಾವಿಸಿದ ಐವರು ಕಲಾವಿದರ ಹೆಸರುಗಳಿವೆ. ಅಜ್ಜಿಯ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು: ಆ ಬೊಂತೆಯ ಚೀಟಿಯಲ್ಲಿ ನಿಮ್ಮ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅವರ ಹೆಸರು ಬರೆಯಿರಿ. ‘ಅಜ್ಜಿಯ ನೆರವಿನಿಂದ’ ಎಂದು ಬರೆಯಬೇಡಿ, ಅವರಿಗೆ ಇಟ್ಟ ಹೆಸರನ್ನು ಬರೆಯಿರಿ. ಧಾರಣೆ ಬರೆದಿಟ್ಟ ಅಪ್ಪನ ಹೆಸರೂ ಇರಲಿ, ಅವರ ಬೇಸರ ಅರ್ಧ ಅಲ್ಲಿಯೇ ಕರಗೀತು. ಎರಡನೆಯದು, ಮುಂದಿನ ಒಂದು ವರ್ಷ ಮೂಲೆಗಳನ್ನು ನೀವೇ ತಿರುಗಿಸಲು ಕಲಿಯಿರಿ. ಅಜ್ಜಿಯ ಪಕ್ಕದಲ್ಲಿ ಕುಳಿತು, ಮೊಬೈಲಿನಲ್ಲಿ ಚಿತ್ರ ತೆಗೆಯದೆ, ಅವರಿಗೆ ಬೇಕಾದ ಹೊದೆಯುವ ಬೊಂತೆಯನ್ನೇ ಒಂದೆರಡು ಹೊಲಿದುಕೊಡಿ. ಅವರು ನಿಮ್ಮ ಹೊಲಿಗೆಯನ್ನು ಬಿಚ್ಚಿ ಹಾಕುವುದನ್ನು ನಿಲ್ಲಿಸಿದ ದಿನ ನಿಮಗೆ ಕೈ ಬಂತೆಂದು ತಿಳಿಯಿರಿ.

ಹಣದ ವಿಷಯ. ಬೊಂತೆಗೆ ಹಿಡಿದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ನಿಮ್ಮವು ಬೇರೆ, ಅಜ್ಜಿಯವು ಬೇರೆ. ನುರಿತ ಕೆಲಸಗಾರರಿಗೆ ನಿಮ್ಮೂರಿನಲ್ಲಿ ಕೊಡುವ ದಿನಗೂಲಿಗಿಂತ ಕಡಿಮೆ ಲೆಕ್ಕ ಹಾಕಬೇಡಿ. ಅದು ತಳದ ಬೆಲೆ. ಅದರ ಮೇಲೆ ಕೃತಿಯ ಬೆಲೆ ಕೂಡುತ್ತದೆ, ಗ್ಯಾಲರಿಯವರ ಪಾಲು ಕಳೆಯುತ್ತದೆ. ಮಾರಿದ ಹಣದಲ್ಲಿ ಅಜ್ಜಿಗೆ ಎಷ್ಟು ಎಂಬುದು ಮಾರಾಟದ ನಂತರ ಯೋಚಿಸುವ ಮಾತಾಗಬಾರದು, ಹೊಲಿಗೆ ಶುರುವಾಗುವ ಮೊದಲೇ ತೀರ್ಮಾನವಾಗಲಿ. ಮುಂದೆ ಊರಿನ ಬೇರೆ ಹೆಂಗಸರನ್ನು ಸೇರಿಸಿಕೊಂಡರೆ ಕಾಗದದ ಮೇಲೆ ಬರೆದುಕೊಳ್ಳಿ. ಮೊದಲಿಗೆ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೆ ನಾಲ್ಕನೆಯದನ್ನು ಕಳುಹಿಸಿ. ಬೆಂಗಳೂರಿನ ಬೀದಿಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಜನ ನೋಡುತ್ತಾರೆ, ಆದರೆ ಬಿಸಿಲಿನಲ್ಲಿ, ಚೌಕಾಸಿಯ ನಡುವೆ ಆ ಬೊಂತೆಯನ್ನು ಇಡಲು ನನಗೆ ಮನಸ್ಸು ಬರುವುದಿಲ್ಲ.

ಜೋಪಾನದ ಬಗ್ಗೆ ನಾಲ್ಕು ಮಾತು. ಚಿತ್ರದಲ್ಲಿ ಮೊಳೆ ಹೊಡೆದು ತೂಗುಹಾಕಿದಂತೆ ಕಾಣುತ್ತದೆ, ದಯವಿಟ್ಟು ತೆಗೆಯಿರಿ. ಭಾರವೆಲ್ಲ ಎರಡು ತೂತುಗಳ ಮೇಲೆ ಬಿದ್ದು ಬಟ್ಟೆ ಹರಿಯುತ್ತದೆ. ಹಿಂಬದಿಯ ಮೇಲಂಚಿನಲ್ಲಿ ಉದ್ದಕ್ಕೂ ಬಟ್ಟೆಯ ಕೊಳವೆಯಂಥ ಪಟ್ಟಿ ಹೊಲಿದು ಅದರೊಳಗೆ ಕೋಲು ತೂರಿಸಿ. ಬಟ್ಟೆಯ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಬೆಳಕಿನ ಅಳತೆಯಲ್ಲಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ. ನಿಮ್ಮ ಮನೆಯ ಕಿಟಕಿಯ ಬಿಸಿಲು ಅದರ ಎಷ್ಟೋ ಪಟ್ಟು, ಒಂದೇ ಬೇಸಿಗೆಗೆ ಬಣ್ಣ ಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಗೆದ ಹತ್ತಿ ಪಂಚೆಯಲ್ಲಿ ಸುತ್ತಿ, ನಡುವೆ ಒಣಗಿದ ಬೇವಿನ ಸೊಪ್ಪು ಇಡಿ. ನಾಲ್ಕನೆಯದರಲ್ಲಿ ಹುಳದ ಕಲೆಗಳಿರುವುದರಿಂದ ಕೀಟ ಬೇಗ ಬರುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ನೋಡಿ.

ತುಮಕೂರಿಗೆ ಬರುವುದಾದರೆ ಆ ಬೊಂತೆಯನ್ನು ತನ್ನಿ, ಮಡಿಸಬೇಡಿ, ಕೊಳವೆಗೆ ಸುತ್ತಿ ತನ್ನಿ. ಅಜ್ಜಿಗೆ ಬಸ್ಸಿನ ಪ್ರಯಾಣ ಆಗುವುದಾದರೆ ಅವರನ್ನೂ ಕರೆತನ್ನಿ. ಮೂಲೆ ತಿರುಗಿಸುವುದನ್ನು ನಾನೂ ಅವರ ಪಕ್ಕದಲ್ಲಿ ಕುಳಿತು ನೋಡಬೇಕು.